ಇವತ್ತಿಗೆ ಒಂದು ಸ್ಕ್ರೂ

ವಾಚು ಬಿಚ್ಚುವುದು ಯಾರಿಗಾದರೂ ಬರುತ್ತದೆ, ಬಿಚ್ಚಿದ್ದನ್ನು ಎಲ್ಲಿಡಬೇಕು ಅನ್ನುವುದು ಬರಬೇಕು ಎಂದು ವಾಚಣ್ಣ ಹೇಳುತ್ತಿದ್ದ. ಅವನ ಮೇಜಿನ ಮೇಲೆ ದುಂಡನೆಯ ತಗಡಿನ ತಟ್ಟೆಯೊಂದಿತ್ತು. ಅದರ ಅಂಚಿನ ಸುತ್ತ ಬೆರಳ ತುದಿಯಷ್ಟು ಪುಟ್ಟ ಪುಟ್ಟ ಗುಳಿಗಳು. ಮೊದಲು ಕಳಚಿದ ಸ್ಕ್ರೂ ಮೊದಲ ಗುಳಿಗೆ, ಆಮೇಲಿನದು ಅದರ ಪಕ್ಕದ್ದಕ್ಕೆ, ಹೀಗೆ ಸುತ್ತಿಕೊಂಡು ಹೋಗಬೇಕು. ಎಲ್ಲ ಕಳಚಿ, ತೊಳೆದು, ಎಣ್ಣೆ ಮುಟ್ಟಿಸಿದ ಮೇಲೆ ತಟ್ಟೆಯನ್ನು ಹಿಮ್ಮುಖವಾಗಿ ತಿರುಗಿಸುತ್ತ ಬರಬೇಕು. ಕೊನೆಗೆ ಕಳಚಿದ್ದು ಮೊದಲು ಕೂರುತ್ತದೆ, ಮೊದಲು ಕಳಚಿದ್ದು ಕೊನೆಗೆ.

"ಕೆಲಸ ಮುಗಿದ್ಮೇಲೆ ತಟ್ಟೇಲಿ ಒಂದು ಚೂರು ಉಳೀತು ಅಂದ್ರೆ ಅವನು ರಿಪೇರಿಯವನಲ್ಲ, ಕಳ್ಳ" ಎಂದು ನಗುತ್ತಿದ್ದ.

ಬೀದಿಯವರು ಅವನಿಗೆ ವಾಚಣ್ಣ ಎಂದು ಹೆಸರಿಟ್ಟ ಮೇಲೆ ನಿಜವಾದ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಹೆಂಡತಿಯ ಬಾಯಲ್ಲಂತೂ ಮೊದಲಿಂದಲೂ ಬಂದದ್ದಿಲ್ಲ, ಅವಳಿಗೆ ಅವನು ಬರೀ 'ರೀ'. ಅವಳು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಬೇಕರಿಯೊಂದರ ಹಿಂಬದಿಯಲ್ಲಿ ನಿಂತು ಬನ್ನು, ಬ್ರೆಡ್ಡುಗಳನ್ನು ಪೊಟ್ಟಣ ಕಟ್ಟುತ್ತಿದ್ದಳು. ಸಂಜೆ ಬೀದಿಯ ಮಕ್ಕಳಿಗೆ ಉಳಿದ ಬನ್ನು ಹಂಚುತ್ತಿದ್ದುದರಿಂದ ಬನ್ನಕ್ಕ ಆದಳು. ಮೈಗೆ ಅಂಟಿದ ಬಿಸಿ ಹಿಟ್ಟಿನ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅವನ ಬೆರಳಿಗೆ ಎಣ್ಣೆಯ ವಾಸನೆ. "ನಮ್ಮಿಬ್ಬರನ್ನ ಸೇರಿಸಿ ಬಾಣಲೆಗೆ ಹಾಕಿದ್ರೆ ಒಳ್ಳೇ ತಿಂಡಿ ಆಗುತ್ತೆ" ಎಂದು ಮದುವೆಯಾದ ಹೊಸದರಲ್ಲಿ ಅವಳು ಹೇಳಿದ್ದನ್ನು ಅವನು ಮಕ್ಕಳು ದೊಡ್ಡವರಾದ ಮೇಲೂ ಹೇಳಿ ಹೇಳಿ ನಗುತ್ತಿದ್ದ.

ಮಕ್ಕಳು ಇಬ್ಬರು. ದೊಡ್ಡವಳು ಗುಬ್ಬಿ, ಚಿಕ್ಕವಳು ಪುಟ್ಟಿ.

ಗುಬ್ಬಿಗೆ ದೊಡ್ಡದು ಯಾವುದನ್ನು ಕಂಡರೂ ಹೆದರಿಕೆ. ದೊಡ್ಡ ಮೈದಾನ, ದೊಡ್ಡ ಲೆಕ್ಕ, ದೊಡ್ಡ ಪುಸ್ತಕ. ಹೈಸ್ಕೂಲಿನಲ್ಲಿದ್ದಾಗ ಪರೀಕ್ಷೆಗೆ ಮುಂಚೆ ವಿಜ್ಞಾನದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ದಪ್ಪವನ್ನೇ ನೋಡುತ್ತ, ಒಂದು ಪುಟವನ್ನೂ ತೆರೆಯದೆ ಅಳುತ್ತ ಕೂತಿದ್ದಳು. ಬನ್ನಕ್ಕ ಗದರಿಸಿದಳು, ಮುದ್ದು ಮಾಡಿದಳು, ಬನ್ನಿನ ಆಸೆ ತೋರಿಸಿದಳು. ಯಾವುದಕ್ಕೂ ಜಗ್ಗಲಿಲ್ಲ. ವಾಚಣ್ಣ ಅಂಗಡಿಯಿಂದ ಕೆಟ್ಟುಹೋದ ಅಲಾರಂ ಗಡಿಯಾರವೊಂದನ್ನು ತಂದು ಅವಳ ಮುಂದಿಟ್ಟ.

"ಇದನ್ನ ಬಿಚ್ತೀಯಾ?"

"ನಂಗೆ ಬರಲ್ಲಪ್ಪ. ಇಷ್ಟೊಂದು ಇದೆ."

"ಇಷ್ಟೊಂದು ಬಿಚ್ಚು ಅಂದ್ನಾ ನಾನು? ಇಗೋ, ಇದೊಂದು ಸ್ಕ್ರೂ. ಇವತ್ತಿಗೆ ಒಂದು ಸ್ಕ್ರೂ. ತೆಗೆದು ಈ ಗುಳೀಲಿ ಇಡು. ಆಮೇಲೆ ನೀನುಂಟು, ನಿನ್ನ ಅಳು ಉಂಟು."

ಅವಳು ಮೂಗೊರೆಸಿಕೊಂಡು ಒಂದು ಸ್ಕ್ರೂ ತೆಗೆದಳು. ಮರುದಿನ ಇನ್ನೊಂದು. ಸ್ಕ್ರೂ ತೆಗೆದ ಕೈಯಲ್ಲೇ ಪುಸ್ತಕದ ಒಂದು ಪಾಠ. ಪರೀಕ್ಷೆ ಬರುವ ಹೊತ್ತಿಗೆ ಗಡಿಯಾರವೂ ಬಿಚ್ಚಿತ್ತು, ಪುಸ್ತಕವೂ ಮುಗಿದಿತ್ತು. ಗಡಿಯಾರವನ್ನು ಮತ್ತೆ ಜೋಡಿಸುವಾಗ ಅವಳಿಗೆ ಆಟ ಬೇಕೆನಿಸಿ, ಅಪ್ಪನನ್ನು ಕಾಡಿ ಬೇಡಿ, ಅಂಗಡಿಯ ಹಳೇ ಡಬ್ಬಿಯಲ್ಲಿದ್ದ ಸವೆದ ಹಲ್ಲುಚಕ್ರಗಳನ್ನು ತಂದು ದಾರಕ್ಕೆ ಪೋಣಿಸಿ ಕೋಣೆಯ ಕಿಟಕಿಗೆ ಕಟ್ಟಿದಳು. ಗಾಳಿ ಬಂದಾಗಲೆಲ್ಲ ಹಿತ್ತಾಳೆ ಹಿತ್ತಾಳೆಗೆ ತಾಗಿ ಸಣ್ಣಗೆ ಕಿಣಿಕಿಣಿ ಅನ್ನುತ್ತಿತ್ತು. ಅಂದಿನಿಂದ ಆ ಮನೆಯಲ್ಲಿ 'ಇವತ್ತಿಗೆ ಒಂದು ಸ್ಕ್ರೂ' ಎಂಬುದು ಮಾತಾಯಿತು. ಸೈಕಲ್ ಕಲಿಯುವಾಗ, ಹಲ್ಲು ಕೀಳಿಸುವಾಗ, ಬೇಕರಿಯಲ್ಲಿ ಕೆಲಸ ಜಾಸ್ತಿಯಾಗಿ ಬನ್ನಕ್ಕ "ನಾಳೆಯಿಂದ ಹೋಗಲ್ಲ" ಅಂದಾಗ, ಎಲ್ಲಕ್ಕೂ ಅದೇ. "ನಿಮ್ಮ ತಲೇಲೇ ಒಂದು ಲೂಸಾಗಿದೆ, ಅದನ್ನ ಮೊದ್ಲು ಬಿಗಿ ಮಾಡ್ಕೊಳ್ಳಿ" ಎಂದು ಬನ್ನಕ್ಕ ಗೊಣಗುತ್ತಲೇ ಚಪ್ಪಲಿ ಮೆಟ್ಟುತ್ತಿದ್ದಳು.

ಪುಟ್ಟಿಗೆ ಈ ಮಾತು ಬೇಕಾಗುತ್ತಿರಲಿಲ್ಲ. ಅವಳು ಎಲ್ಲವನ್ನೂ ಇಡಿಯಾಗಿ ನುಂಗುವ ಜಾತಿ. ಒಂದೇ ದಿನದಲ್ಲಿ ಸೈಕಲ್ ಕಲಿತು, ಅದೇ ದಿನ ಮೊಣಕಾಲೂ ತರಚಿಕೊಂಡು ಬಂದವಳು. "ಇವಳಿಗೆ ಸ್ಕ್ರೂ ಬೇಡ, ಸುತ್ತಿಗೆ ಸಾಕು" ಎಂದು ಅಪ್ಪ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಒಂದೇ ಕೋಣೆ ಇಬ್ಬರದೂ. ಮಂಚ ಗುಬ್ಬಿಯದು, ನೆಲದ ಮೇಲಿನ ಹಾಸಿಗೆ ಪುಟ್ಟಿಯದು. ಬೆಳಿಗ್ಗೆ ಎದ್ದು ಹಾಸಿಗೆ ಸುತ್ತಿ ಮೂಲೆಗೆ ನಿಲ್ಲಿಸಿದಳೆಂದರೆ ಆ ಕೋಣೆಯಲ್ಲಿ ಅವಳ ಗುರುತು ಅಷ್ಟೇ. ಓದು ಮುಗಿಯುವ ಮೊದಲೇ ತಾನು ಮೆಚ್ಚಿದ ಲಾರಿ ಡ್ರೈವರನನ್ನು ಮದುವೆಯಾಗಿ ಹೋಗುವಾಗ ಆ ಹಾಸಿಗೆಯನ್ನೂ ಸುತ್ತಿಕೊಂಡು ಹೋದಳು.

ಗುಬ್ಬಿ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಜ್ವರ ಬಂದು ಎದೆಗೆ ಇಳಿಯಿತು.

ಆಸ್ಪತ್ರೆಯಲ್ಲಿ ವಾಚಣ್ಣ ಅವಳ ತಲೆಯ ಬಳಿ ಸ್ಟೂಲು ಹಾಕಿಕೊಂಡು ಕೂತ. ಉಣ್ಣಲಾರೆ ಎಂದು ಮುಖ ತಿರುಗಿಸಿದಾಗ ಚಮಚ ಹಿಡಿದು, "ಬಟ್ಟಲು ನೋಡ್ಬೇಡ ಗುಬ್ಬಿ. ಚಮಚ ನೋಡು. ಇವತ್ತಿಗೆ ಒಂದು ಸ್ಕ್ರೂ" ಅಂದ. ಅವಳು ಬಾಯಿ ತೆರೆದಳು. ಒಂದು ಸಲ ಮಗ್ಗುಲು ಬದಲಿಸು ಅಂದ, ಬದಲಿಸಿದಳು. ಒಂದು ಉಸಿರು ಜೋರಾಗಿ ಎಳಿ ಅಂದ, ಎಳೆದಳು, ನೋವಿಗೆ ಕಣ್ಣಲ್ಲಿ ನೀರು ಬಂದರೂ ಎಳೆದಳು. ಹೇಳಿದ್ದೆಲ್ಲ ಮಾಡಿದಳು, ಒಂದನ್ನೂ ತಪ್ಪಿಸಲಿಲ್ಲ. ಎಲ್ಲವನ್ನೂ ಮಾಡಿ, ಒಂದು ಬೆಳಿಗ್ಗೆ, ಅವನು ಚಮಚ ತೊಳೆದುಕೊಂಡು ಬರುವಷ್ಟರಲ್ಲಿ ಹೋಗಿಬಿಟ್ಟಳು.

ಆಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಆಡಲಿಲ್ಲ.

ಕೋಣೆಯ ಬಾಗಿಲು ಮುಚ್ಚಿತು. ಬೀಗವೇನೂ ಹಾಕಿರಲಿಲ್ಲ, ಆದರೆ ಯಾರೂ ತೆರೆಯುತ್ತಿರಲಿಲ್ಲ. ಗಂಡ ಹೆಂಡತಿ ಮೊದಲಿನಂತೆ ಹಾಲ್‌ನಲ್ಲೇ ಮಲಗುತ್ತಿದ್ದರು. ಒಳಗಿನಿಂದ ಆಗೀಗ ಕಿಣಿಕಿಣಿ ಕೇಳಿಸಿದರೆ ಬನ್ನಕ್ಕ ಮಾತು ನಿಲ್ಲಿಸುತ್ತಿದ್ದಳು, ವಾಚಣ್ಣ ಊಟದ ತಟ್ಟೆಯಲ್ಲಿ ಕೈ ನಿಲ್ಲಿಸುತ್ತಿದ್ದ. ಅವನು ಅಂಗಡಿ ಬಿಡಲಿಲ್ಲ. ಕಣ್ಣಿಗೆ ಕರೀ ಕೊಳವೆಯ ಮಸೂರ ಸಿಕ್ಕಿಸಿಕೊಂಡು ಮೇಜಿಗೆ ಬಗ್ಗಿದನೆಂದರೆ ಗಿರಾಕಿ ಎರಡು ಸಲ ಕರೆದ ಮೇಲೆ ತಲೆಯೆತ್ತುತ್ತಿದ್ದ. ಒಮ್ಮೆ ಪುಟ್ಟಿ ಮನೆಗೆ ಬಂದು ಬಾಗಿಲಲ್ಲಿ ನಿಂತಾಗ, ಬೆಳಕಿಗೆ ಬೆನ್ನಾಗಿದ್ದವಳನ್ನು ನೋಡಿ "ಗುಬ್ಬೀ" ಅಂದುಬಿಟ್ಟ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಂದಿನಿಂದ ಅವಳನ್ನು ಅವನು ಯಾವ ಹೆಸರಿನಿಂದಲೂ ಕರೆಯಲಿಲ್ಲ. "ಬಂದ್ಯಾ" ಅನ್ನುತ್ತಿದ್ದ, "ಹೊರಟ್ಯಾ" ಅನ್ನುತ್ತಿದ್ದ, ಅದೂ ನೆಲ ನೋಡಿಕೊಂಡು.

ಪುಟ್ಟಿ ಬಸುರಿ, ಆರನೇ ತಿಂಗಳು. ಒಂದು ಮಧ್ಯಾಹ್ನ ಫೋನು ಮಾಡಿದಳು.

"ಅಮ್ಮ, ಡಾಕ್ಟ್ರು ಮಲಗೇ ಇರ್ಬೇಕು ಅಂದಿದಾರೆ. ಎದ್ದು ಓಡಾಡಿದ್ರೆ ಮಗೂಗೆ ಕಷ್ಟ ಅಂತೆ. ಇವರು ಈ ತಿಂಗಳು ರಜ ಹಾಕಿದಾರೆ, ಆಮೇಲೆ ಲಾರಿ ಹತ್ತಿದ್ರೆ ವಾರಗಟ್ಲೆ ಈ ಕಡೆ ತಲೆ ಹಾಕಲ್ಲ. ಇಲ್ಲಿ ಒಂದು ಲೋಟ ನೀರು ಕೊಡೋರಿಲ್ಲ."

"ಬಂದ್ಬಿಡೇ. ಅದಕ್ಕೇನು ಕೇಳೋದು?"

"ಹಾಲ್‌ನಲ್ಲೇ ಒಂದು ಕಡೆ ಮಲಗ್ತೀನಿ. ರೂಮಿನ ಮಾತು ಅಪ್ಪನ ಹತ್ರ ಎತ್ತಬೇಡ."

ಹಾಲ್ ಎಂದರೆ ಬೀದಿಗೆ ತೆರೆದ ಜಾಗ. ಬಂದವರು ಹೋದವರ ಕಣ್ಣೆದುರು, ದಿನವಿಡೀ ಸ್ಕೂಟರುಗಳ ಸದ್ದಿನಲ್ಲಿ, ಬಸುರಿ ಹುಡುಗಿ ಹೇಗೆ ಮಲಗಿಯಾಳು? ಅದು ಅವಳ ಕೋಣೆಯೂ ಆಗಿತ್ತಲ್ಲ ಎಂಬುದು ಬನ್ನಕ್ಕನಿಗೆ ಫೋನಿಟ್ಟ ಮೇಲೆ ಹೊಳೆಯಿತು. ಹೊಳೆಯುವುದಕ್ಕೆ ಅಷ್ಟು ಹೊತ್ತು ಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಸಂಜೆ ಗಂಡನಿಗೆ ಹೇಳಿದಳು. ಅವನು ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಆ ಕೋಣೆ ಖಾಲಿ ಮಾಡ್ಬೇಕು ಅಂತೀಯಾ?"

"ಮಾಡ್ಬೇಕು ರೀ."

"ಆಗಲ್ಲ ಕಣೆ. ಅಷ್ಟೂನೂ... ನನ್ನ ಕೈಲಿ ಆಗಲ್ಲ."

ಅವಳು ಅವನ ಎದುರಿಗೆ ಕೂತಳು. ಆಸ್ಪತ್ರೆಯಿಂದ ಈಚೆಗೆ ಆ ಮನೆಯಲ್ಲಿ ಯಾರೂ ಮುಟ್ಟದಿದ್ದ ಮಾತನ್ನೇ ಎತ್ತಿದಳು. "ಅಷ್ಟೂ ನೋಡ್ಬೇಡಿ. ಇವತ್ತಿಗೆ ಒಂದು ಸ್ಕ್ರೂ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಕೆನ್ನೆಗೆ ಹೊಡೆಸಿಕೊಂಡವನ ಹಾಗೆ ನೋಡಿದ. ಆಮೇಲೆ ಕೈ ತೊಳೆದು, ಕೋಣೆಯ ಬಾಗಿಲು ತಳ್ಳಿ, ಕಿಟಕಿಗೆ ಕಟ್ಟಿದ್ದ ಚಕ್ರಗಳ ಸರವನ್ನು ಬಿಚ್ಚಿ ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದ. ಒಂದು ಚಕ್ರವೂ ಇನ್ನೊಂದಕ್ಕೆ ತಾಗಿ ಸದ್ದಾಗದಂತೆ ಸುತ್ತಿದ್ದ.

ಹೀಗೆ ಶುರುವಾಯಿತು. ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಕೋಣೆಗೆ ಹೋಗುತ್ತಿದ್ದ, ಒಂದೇ ಒಂದು ವಸ್ತು ತೆಗೆಯುತ್ತಿದ್ದ. ಒಂದು ದಿನ ಕನ್ನಡಿ, ಇನ್ನೊಂದು ದಿನ ಕೂದಲ ಕ್ಲಿಪ್ಪುಗಳ ತಗಡಿನ ಡಬ್ಬಿ, ಮತ್ತೊಂದು ದಿನ ಬಾಗಿಲ ಹಿಂದೆ ತೂಗುಹಾಕಿದ್ದ ಸ್ವೆಟರು. ಹತ್ತಿಯಲ್ಲಿ ಸುತ್ತಿ, ಬಟ್ಟೆ ಚೀಲದಲ್ಲಿಟ್ಟು, ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಹೊರಡುತ್ತಿದ್ದ. "ನೀನು ಮುಟ್ಬೇಡ, ನನಗೊಂದು ಲೆಕ್ಕ ಇದೆ" ಅನ್ನುತ್ತಿದ್ದ. ಎಲ್ಲಿಗೆ ಒಯ್ಯುತ್ತಾನೆಂದು ಅವಳು ಕೇಳಲಿಲ್ಲ. ಇಲ್ಲದವರಿಗೆ ಕೊಡುತ್ತಿರಬಹುದು ಅಂದುಕೊಂಡಳು. ಯಾವುದೋ ಹುಡುಗಿ ಆ ಸ್ವೆಟರು ತೊಟ್ಟು ಎದುರಿಗೆ ಬಂದರೆ ತಾನು ಏನು ಮಾಡುತ್ತೇನೋ ಎಂದು ಬೇಕರಿಗೆ ಹೋಗುವ ದಾರಿಯುದ್ದಕ್ಕೂ ಹೆದರುತ್ತಿದ್ದಳು. ಬಂದರೂ ಚೆನ್ನ ಅನ್ನಿಸುತ್ತಿತ್ತು.

ಅವನ ಮುಖದಲ್ಲಿ ಕಳೆ ಬರತೊಡಗಿತು. ಗಡ್ಡ ಕೆರೆಸಿಕೊಂಡ. ಒಂದು ಸಂಜೆ ಮನೆಗೆ ಬರುತ್ತ ಸಣ್ಣಗೆ ಸಿಳ್ಳೆ ಹಾಕಿದ. ಅಂಗಡಿಯ ಪಕ್ಕದಲ್ಲಿ ಕೊಡೆ ನೆಟ್ಟುಕೊಂಡು ಕೂರುವ ಬೀಗದ ತಮ್ಮ, ಊರಿನ ಬೀಗಗಳಿಗೆಲ್ಲ ಕೀಲಿ ಮಾಡಿಕೊಡುವ ಹರಟೆಮಲ್ಲ, ಬೇಕರಿಯ ಬಾಗಿಲಲ್ಲಿ ಸಿಕ್ಕಾಗ ಹೇಳಿದ: "ಅತ್ತಿಗೆ, ನಮ್ಮಣ್ಣ ಈಗ ನಡೆಯೋ ಗಡಿಯಾರ ಆಗಿದಾನೆ. ಏನು ಎಣ್ಣೆ ಬಿಟ್ರಿ?"

"ನಿನ್ನ ನಾಲಿಗೆಗೆ ಒಂದು ಬೀಗ ಮಾಡ್ಕೊ ಮೊದ್ಲು."

"ಮಾಡ್ದೆ ಅತ್ತಿಗೆ. ಕೀಲಿ ನನ್ನ ಹೆಂಡ್ತಿ ಹತ್ರ ಇದೆ."

ಅವಳು ಬಹಳ ದಿನಗಳ ಮೇಲೆ ಬೀದಿಯಲ್ಲಿ ನಿಂತು ನಕ್ಕಳು.

ಕೊನೆಗೆ ಮಂಚ ಉಳಿಯಿತು. ಪುಟ್ಟಿಗೆ ಆಗುತ್ತದಲ್ಲ, ಇರಲಿ ಎಂದಳು ಬನ್ನಕ್ಕ. ಅವನು ತಲೆಯಾಡಿಸಿದ. "ಅದು ಬೇಡ. ಅವಳಿಗೆ ಹೊಸದು ತರೋಣ." ಮೊದಲು ಮೇಜನ್ನು ಒಯ್ದ ಹಾಗೆ ಮಂಚವನ್ನೂ ಸ್ಕ್ರೂ ಸ್ಕ್ರೂ ಬಿಚ್ಚಿ, ಹಲಗೆ ಹಲಗೆಯಾಗಿ ಬೀಗದ ತಮ್ಮನ ತಳ್ಳುಗಾಡಿಯಲ್ಲಿ ಹೇರಿ ಸಾಗಿಸಿದ. ಕೋಣೆ ಬರಿದಾಯಿತು. ಗೋಡೆಗೆ ತೆಳು ಹಳದಿ ಬಣ್ಣ ಬಳಿಸಿದರು. ಆ ದಿನ ಬನ್ನಕ್ಕ ಒಬ್ಬಳೇ ಒಳಗೆ ನಿಂತಳು. ಕೆಮ್ಮಿದರೆ ದನಿ ತಿರುಗಿ ಬರುತ್ತಿತ್ತು. ಎಲ್ಲ ಸರಿಯಾಗಿ ಮುಗಿಯಿತು ಎಂದು ಸಮಾಧಾನ ಮಾಡಿಕೊಳ್ಳಲು ಹೋದಳು, ಆಗಲಿಲ್ಲ. ಒಂದು ದಿಂಬಾದರೂ ತನಗೆ ಉಳಿಸಿಕೊಳ್ಳಬೇಕಿತ್ತು. ಅವನು ಇಷ್ಟು ಧೈರ್ಯ ಮಾಡಿರುವಾಗ ತಾನು ಕೇಳುವುದು ಹೇಗೆ ಎಂದು ಬಾಯಿ ಕಟ್ಟಿಕೊಂಡಿದ್ದಳು.

ಅಳಿಯ ಪುಟ್ಟಿಯನ್ನು ಕರೆತಂದು, ಹೊಸ ಮಂಚದ ಮೇಲೆ ಮಲಗಿಸಿ, ಟೀ ಕುಡಿದು, ಲಾರಿಯ ಹೊತ್ತಾಯಿತೆಂದು ಹೊರಟ. ಪುಟ್ಟಿ ಮಲಗಿದಲ್ಲಿಂದಲೇ ನಾಲ್ಕೂ ಗೋಡೆಗಳನ್ನು ನೋಡಿದಳು. ನುಂಗುವ ಜಾತಿಯ ಹುಡುಗಿಗೆ ಆ ದಿನ ನುಂಗಲಾಗಲಿಲ್ಲ.

"ಅಮ್ಮ, ಅಪ್ಪ ಇದನ್ನೆಲ್ಲ ನನಗೋಸ್ಕರ ಮಾಡಿದ್ರಾ?"

"ಇನ್ಯಾರಿಗೆ ಮಾಡ್ತಾರೆ?"

"ಅಪ್ಪನಿಗೆ ನಾನು ಕಾಣ್ತೀನೋ ಇಲ್ವೋ ಅಂತ ಎಷ್ಟೋ ಸಲ ಅನ್ಸಿತ್ತು" ಎಂದು ಸೆರಗಿಗೆ ಕಣ್ಣೊರೆಸಿಕೊಂಡಳು. "ಅಕ್ಕನ ಥರ ನಂಗೆ ಹೆದರಿಕೆ ಇರ್ಲಿಲ್ಲ ಅಂತ ಎಲ್ರೂ ಅಂದ್ಕೊಂಡ್ರಿ. ಈಗ ಹೆದರಿಕೆ ಆಗ್ತಿದೆ ಅಮ್ಮ. ಮಗು ಉಳಿಯುತ್ತೋ ಇಲ್ವೋ. ಇಷ್ಟು ದಿನ ಹೀಗೇ ಮಲಗಿ ಹೇಗೆ ಕಳೀಲಿ? ಅಪ್ಪ ಬಂದು ಒಂದ್ಸಲ ನಂಗೂ ಹೇಳಿದ್ರೆ, ಒಂದು ಸ್ಕ್ರೂ ಅಂತ."

ವಾಚಣ್ಣ ಬಂದು ಹೇಳಲಿಲ್ಲ. ಸಂಜೆ ಬರುತ್ತಿದ್ದ, ಹೊಸ್ತಿಲಾಚೆ ನಿಂತು "ಊಟ ಆಯ್ತಾ" ಎಂದು ಹೊಸ್ತಿಲನ್ನೇ ಕೇಳುತ್ತಿದ್ದ, ಹೋಗುತ್ತಿದ್ದ. ಬಣ್ಣ ಬಳಿದ ಮೇಲೆ ಆ ಕೋಣೆಯೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಅಂಗಡಿಯಿಂದ ಬರುವುದು ಮಾತ್ರ ದಿನೇ ದಿನೇ ತಡವಾಗುತ್ತ ಹೋಯಿತು. ಪುಟ್ಟಿ ತಾನೇ ಒಂದು ದಾರಿ ಹುಡುಕಿದಳು.

"ಅಮ್ಮ, ಅಕ್ಕನ ಚಕ್ರದ ಸರ ಇತ್ತಲ್ಲ, ಅದೆಲ್ಲಿ? ಅದನ್ನಿಲ್ಲಿ ಕಟ್ಟಿದ್ರೆ ಸದ್ದು ಕೇಳ್ಕೊಂಡು ಮಲಗ್ತೀನಿ. ಆಮೇಲೆ ತೊಟ್ಟಿಲಿಗೂ ಆಗುತ್ತೆ."

ಬನ್ನಕ್ಕ ಗಂಡನನ್ನು ಕೇಳಿದಳು. "ಅದು ಹೋಯ್ತು" ಅಂದ. ಅಂದವನ ಕೈ ಜೇಬಿನ ಮೇಲೆ ಹೋದದ್ದನ್ನು ಅವಳು ಕಂಡಳು.

ಮರುದಿನ ಬೇಕರಿ ಬೇಗ ಮುಚ್ಚಿತು. ಅವನು ಊಟದ ಡಬ್ಬಿ ಮನೆಯಲ್ಲೇ ಮರೆತು ಹೋಗಿದ್ದ. ಮಗಳಿಗೆ ಉಣ್ಣಿಸಿ, ಎದುರುಮನೆಯವಳನ್ನು ಕಾವಲಿಗೆ ಕೂರಿಸಿ, ಡಬ್ಬಿ ಹಿಡಿದು ಅಂಗಡಿಗೆ ಹೊರಟಳು. ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಗಾಜಿನ ಪೆಟ್ಟಿಗೆಯ ಹಿಂದೆ ಯಾರೂ ಇಲ್ಲ. ಮೇಜಿನ ಮೇಲೆ ತಗಡಿನ ತಟ್ಟೆ ಖಾಲಿ. ಬೀಗದ ತಮ್ಮ ಕೊಡೆಯ ಕೆಳಗಿಂದ ಗಡಬಡಿಸಿ ಎದ್ದ.

"ಅತ್ತಿಗೆ, ಡಬ್ಬಿ ನನ್ ಕೈಲಿ ಕೊಡಿ. ಅಣ್ಣ ಹಿಂದೆ ಏನೋ ಕೆಲಸದಲ್ಲಿದಾನೆ."

"ಏನು ಕೆಲಸ?"

ಹರಟೆಮಲ್ಲನಿಗೆ ಮಾತು ಸಿಗಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಬಗ್ಗಿ ಒಳಗೆ ನುಗ್ಗಿದಳು.

ಅಂಗಡಿಯ ಹಿಂದೆ ಕಿಟಕಿಯಿಲ್ಲದ ಒಂದು ಉಗ್ರಾಣವಿತ್ತು, ನಿಂತುಹೋದ ಗೋಡೆ ಗಡಿಯಾರಗಳನ್ನು ರಾಶಿ ಹಾಕುತ್ತಿದ್ದ ಜಾಗ. ಅದರ ಬಾಗಿಲ ಹತ್ತಿರ ಬಂದಾಗ ಅವಳಿಗೆ ಕಿಣಿಕಿಣಿ ಕೇಳಿಸಿತು. ಪುಸ್ ಎಂದು ಒಂದು ಸದ್ದು, ಹಿಂದೆಯೇ ಕಿಣಿಕಿಣಿ. ಮತ್ತೆ ಪುಸ್, ಮತ್ತೆ ಕಿಣಿಕಿಣಿ. ಅವಳು ಬಾಗಿಲು ತಳ್ಳಿದಳು.

ಗುಬ್ಬಿಯ ಕೋಣೆ ಅಲ್ಲಿತ್ತು.

ಮಂಚ ಇತ್ತು, ಅದರ ಮೇಲೆ ಹೊದಿಕೆ ಅರ್ಧ ಸರಿದು, ಆಸ್ಪತ್ರೆಗೆ ಎದ್ದು ಹೊರಟ ದಿನ ಹೇಗೆ ಸರಿದಿತ್ತೋ ಹಾಗೇ ಇತ್ತು. ಮೇಜಿನ ಮೇಲೆ ಮುಚ್ಚಳವಿಲ್ಲದ ಪೆನ್ನು. ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದ ಕ್ಲಿಪ್ಪು, ಕ್ಲಿಪ್ಪಿನಲ್ಲಿ ಒಂದೆಳೆ ಕೂದಲು. ಬಾಗಿಲ ಹಿಂದೆ ಸ್ವೆಟರು. ಚಪ್ಪಲಿಯ ಜೋಡಿಯಲ್ಲಿ ಒಂದು ನೆಟ್ಟಗೆ, ಇನ್ನೊಂದು ಬೋರಲು. ಅವಳು ಯಾವಾಗಲೂ ಹಾಗೇ ಒದ್ದು ಬಿಡುತ್ತಿದ್ದದ್ದು. ಎಷ್ಟು ಸಲ ಬೈದಿರಲಿಲ್ಲ ತಾನು.

ಕಿಟಕಿ ಇರಬೇಕಾಗಿದ್ದ ಕಡೆ ಗೋಡೆಗೆ ಮೊಳೆ ಹೊಡೆದು ಚಕ್ರಗಳ ಸರ ಕಟ್ಟಿದ್ದ. ಅದರ ಎದುರು ಸ್ಟೂಲಿನ ಮೇಲೆ ವಾಚಣ್ಣ ಕೂತಿದ್ದ. ವಾಚಿನೊಳಗಿನ ಧೂಳು ಊದುವ, ಒತ್ತಿದರೆ ಗಾಳಿ ಬಿಡುವ ರಬ್ಬರ್ ಉಂಡೆ ಅವನ ಕೈಯಲ್ಲಿತ್ತು. ಅದನ್ನು ಒತ್ತುತ್ತಿದ್ದ. ಸರ ಅಲ್ಲಾಡಿ ಸದ್ದು ಮಾಡಿ ನಿಲ್ಲುತ್ತಿತ್ತು. ಮತ್ತೆ ಒತ್ತುತ್ತಿದ್ದ.

ಅವಳಿಗೆ ಆಗ ಅರ್ಥವಾಯಿತು. ಅವನು ಖಾಲಿ ಮಾಡಿರಲೇ ಇಲ್ಲ. ಬಿಚ್ಚಿದ್ದ. ಜನ್ಮವಿಡೀ ಬಿಚ್ಚಿದ್ದು ಮತ್ತೆ ಜೋಡಿಸುವುದಕ್ಕೇ ಅಲ್ಲವೇ? ಮೊದಲು ಕಳಚಿದ್ದು ಈ ಸರ. ಕೊನೆಗೆ ಕಳಚಿದ್ದು ಮಂಚ. ಇಲ್ಲಿ ಮಂಚ ಮೊದಲು ಕೂತಿದೆ, ಆಮೇಲೆ ಮೇಜು, ಆಮೇಲೆ ಸ್ವೆಟರು, ಕ್ಲಿಪ್ಪು, ಕನ್ನಡಿ. ಕೊನೆಗೆ ಸರ. ಅದಕ್ಕೇ ಮುಖದಲ್ಲಿ ಆ ಕಳೆ. ಅದಕ್ಕೇ ಸಿಳ್ಳೆ. ಒಂದೊಂದೇ ಸ್ಕ್ರೂ ತೆಗೆಯಿರಿ ಎಂದು ದಾರಿ ತೋರಿಸಿದವಳು ತಾನೇ. ದಾರಿ ಯಾವ ಕಡೆ ಹೋಗುತ್ತಿದೆಯೆಂದು ನೋಡಿರಲಿಲ್ಲ.

ಅವನು ಅವಳನ್ನು ನೋಡಿ ಏಳಲಿಲ್ಲ, ಬೆಚ್ಚಲೂ ಇಲ್ಲ. ದಣಿದವನಂತೆ ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡ.

"ಎಲ್ಲಾ ಕ್ರಮವಾಗೇ ಕೂರಿಸಿದೀನಿ ಕಣೆ. ನೋಡು, ಒಂದು ಚೂರೂ ಹೆಚ್ಚಿಗೆ ಉಳಿದಿಲ್ಲ" ಅಂದ. ಸರದ ಕಡೆ ನೋಡಿ, "ಆದ್ರೂ ನಡೀತಿಲ್ಲ" ಅಂದ.

ಅವಳು ಊಟದ ಡಬ್ಬಿಯನ್ನು ನೆಲಕ್ಕಿಟ್ಟಳು. ಹೋಗಿ ಮಂಚದ ಮೇಲೆ ಕೂತಳು. ದಿಂಬನ್ನು ಎತ್ತಿಕೊಂಡಳು. ಅದರಲ್ಲಿ ಇನ್ನೂ ಏನೋ ಉಳಿದಿತ್ತು, ಅಥವಾ ಉಳಿದಿದೆ ಎಂದು ಅವಳಿಗೆ ಬೇಕಾಗಿತ್ತು. ಮುಖ ಮುಚ್ಚಿಕೊಂಡು ಅತ್ತಳು. ಸತ್ತ ದಿನ ಜನರ ನಡುವೆ ಅತ್ತದ್ದು ಬೇರೆ, ಇದು ಬೇರೆ. ವಾಚಣ್ಣ ಎದ್ದು ಅವಳ ಪಕ್ಕ ಬಂದು ಕೂತ. ಇಬ್ಬರ ಭಾರಕ್ಕೆ ಮಂಚ ಹಳೇ ದನಿಯಲ್ಲೇ ಕಿರುಗುಟ್ಟಿತು. ಹೊರಗೆ ಬೀಗದ ತಮ್ಮ ಯಾವುದೋ ಗಿರಾಕಿಗೆ "ಅಂಗಡಿ ರಜಾ, ನಾಳೆ ಬನ್ನಿ" ಎಂದು ಹೇಳುತ್ತಿದ್ದುದು ಕೇಳಿಸಿತು.

ಅಳು ನಿಂತ ಮೇಲೆ ಅವಳು ಕೋಣೆಯನ್ನು ಇನ್ನೊಮ್ಮೆ ನೋಡಿದಳು. ಮಂಚದ ಕಾಲಿನ ಕಡೆಗೆ, ಪುಟ್ಟಿ ಹಾಸಿಗೆ ಸುತ್ತಿ ನಿಲ್ಲಿಸುತ್ತಿದ್ದ ಮೂಲೆ ಇರಬೇಕಾಗಿತ್ತು. ಅಲ್ಲಿ ಉಗ್ರಾಣದ ಗೋಡೆ ಬಂದಿತ್ತು. ಆ ಮೂಲೆಗೆ ಜಾಗವೇ ಸಾಲದೆ ಬಿಟ್ಟುಹೋಗಿತ್ತು. ಬಿಟ್ಟುಹೋದದ್ದು ಅವನಿಗೆ ಗೊತ್ತಾಗಿರಲೂ ಇಲ್ಲ.

"ಒಂದು ಚೂರು ಉಳಿದಿದೆ ರೀ" ಅಂದಳು ಮೆಲ್ಲಗೆ, ಅತ್ತ ಬೆರಳು ತೋರಿಸಿ. "ಮನೇಲಿ ಮಲಗಿದೆ. ಹೆದರ್ಕೊಂಡು ಮಲಗಿದೆ."

ಅವನು ಅವಳ ಬೆರಳು ಹೋದ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಕೆಟ್ಟ ವಾಚಿನಲ್ಲಿ ದೋಷ ಸಿಕ್ಕಾಗ ಅವನ ತುಟಿ ಬಿಗಿಯುತ್ತಿತ್ತಲ್ಲ, ಹಾಗೆ ಬಿಗಿಯಿತು.

"ಆ ಸರ ಕೊಡಿ. ಅವಳು ಕೇಳ್ತಿದಾಳೆ."

"ಅದೊಂದು ಕೇಳ್ಬೇಡ ಕಣೆ."

"ಎಲ್ಲಾ ಕೊಡಿ ಅಂದ್ನಾ ನಾನು?" ಅಂದಳು. ಮುಂದಿನದನ್ನು ಹೇಳಲಿಲ್ಲ. ಆ ಮಾತಿಗೆ ಅವಳೇ ಈಗ ಹೆದರಿದ್ದಳು.

ಅವನು ಎದ್ದು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಚಿಮಟದ ತುದಿಯಿಂದ ಸರದ ಗಂಟು ಬಿಡಿಸತೊಡಗಿದ. ಮಗಳು ಹಾಕಿದ ಗಂಟು, ಬಿಗಿಯಾಗಿತ್ತು. ಕತ್ತರಿ ಪಕ್ಕದಲ್ಲೇ ಇದ್ದರೂ ಮುಟ್ಟಲಿಲ್ಲ. ಕೊನೆಯ ಚಕ್ರವೊಂದನ್ನು ಕಳಚಿ, ಗಿರಾಕಿಗಳಿಗೆ ಕೊಡುವ ಹಾಗೆ ಸಣ್ಣ ಕಾಗದದಲ್ಲಿ ಮಡಿಸಿ ಅವಳ ಅಂಗೈಯಲ್ಲಿಟ್ಟ. ಕಾಗದಕ್ಕಿಂತ ಹೆಚ್ಚು ತೂಕ ಅದಕ್ಕಿರಲಿಲ್ಲ.

ದಾರಿಯಲ್ಲಿ ಬರುತ್ತ ಬನ್ನಕ್ಕ ಲೆಕ್ಕ ಹಾಕಲಿಲ್ಲ. ಹಾಕಿದರೆ ಸೋತುಹೋಗುತ್ತಿದ್ದಳು. ಎಲ್ಲವೂ ಹೀಗೇ ಒಂದೊಂದಾಗಿ ಮನೆಗೆ ಬರಬೇಕಾದರೆ ಇಬ್ಬರ ಆಯಸ್ಸೂ ಸಾಲುತ್ತದೋ ಇಲ್ಲವೋ.

ಪುಟ್ಟಿ ಕಾಗದ ಬಿಡಿಸಿದಳು. ಹಿತ್ತಾಳೆಯ ಚಕ್ರವನ್ನು ಬೆರಳುಗಳ ನಡುವೆ ಹಿಡಿದು ಬೆಳಕಿಗೆ ತೋರಿಸಿದಳು. "ಒಂದೇನಾ? ಒಂದೇ ಆದ್ರೆ ಸದ್ದು ಬರಲ್ವಲ್ಲ ಅಮ್ಮ."

"ಮಿಕ್ಕಿದ್ದು ಅಪ್ಪನ ಹತ್ರ ಇದೆ."

ಪುಟ್ಟಿ ತಾಯಿಯ ಊದಿದ ಕಣ್ಣುಗಳನ್ನು ನೋಡಿದಳು. ಆಮೇಲೆ ಹಳದಿ ಗೋಡೆಗಳನ್ನು ನೋಡಿದಳು. "ಎಲ್ಲಾನೂ ಅಪ್ಪನ ಹತ್ರಾನೇ ಇದೆ ಅಲ್ವಾ?" ಅಂದಳು. "ನನಗೋಸ್ಕರ ಮಾಡಿದ್ದಲ್ಲ."

ಬನ್ನಕ್ಕ ಮಗಳ ಪಾದದ ಬಳಿ ಕೂತು, ಬಾತ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ನೀವತೊಡಗಿದಳು. ಪುಟ್ಟಿ ಗೋಡೆಗೆ ಮುಖ ತಿರುಗಿಸಿ ಸದ್ದಿಲ್ಲದೆ ಅತ್ತಳು. ಚಕ್ರ ಹಿಡಿದ ಮುಷ್ಟಿಯನ್ನು ಮಾತ್ರ ಬಿಚ್ಚಲಿಲ್ಲ.

ಆ ಸಂಜೆ ವಾಚಣ್ಣ ಹೊತ್ತಿಗೆ ಸರಿಯಾಗಿ ಬಂದ. ಸೈಕಲ್ಲು ಒರಗಿಸಿದ, ಕೈಕಾಲು ತೊಳೆದ, ಬಂದು ಹೊಸ್ತಿಲಾಚೆ ನಿಂತ. ಊಟ ಆಯ್ತಾ ಎಂದು ಕೇಳಲಿಲ್ಲ. ಬನ್ನಕ್ಕ ಸೌಟು ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದಳು.

"ಅಪ್ಪ" ಎಂದಳು ಪುಟ್ಟಿ. ಅತ್ತು ಅತ್ತು ದನಿ ದಪ್ಪಗಾಗಿತ್ತು. "ಇದು ಯಾವ ಗಡಿಯಾರದ್ದು?"

ಮಲಗಿದಲ್ಲಿಂದಲೇ ಚಕ್ರವನ್ನು ಎತ್ತಿ ಹಿಡಿದಿದ್ದಳು. ವಾಚಣ್ಣ ಬಾಗಿಲ ಚೌಕಟ್ಟು ಹಿಡಿದು ಕಣ್ಣು ಕಿರಿದಾಗಿಸಿದ.

"ಅಲ್ಲಿಂದ ಕಾಣಲ್ಲ" ಅಂದ. "ಇಲ್ಲಿ ತಾ."

"ನಾನು ಏಳೋ ಹಾಗಿಲ್ಲ ಅಪ್ಪ."

ಅವನು ಬಾಗಿಲಿನಿಂದಲೇ ಕೈ ಚಾಚಿದ. ಎಟುಕಲಿಲ್ಲ. ಅವಳೂ ಇನ್ನಷ್ಟು ಚಾಚಿದಳು. ಎಟುಕಲಿಲ್ಲ. ನಡುವೆ ಹೊಸ ಬಣ್ಣದ ವಾಸನೆಯ ಖಾಲಿ ನೆಲ. ಬನ್ನಕ್ಕನ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು. ಹಲ್ಲು ಕಚ್ಚಿ ತಡೆದಳು.

ವಾಚಣ್ಣ ಒಂದು ಕಾಲನ್ನು ಎತ್ತಿ ಹೊಸ್ತಿಲ ಈಚೆಗೆ ಇಟ್ಟ. ಇನ್ನೊಂದು ಕಾಲು ಆಚೆಗೇ ಇತ್ತು. ಚೌಕಟ್ಟು ಹಿಡಿದ ಕೈ ಬಿಡಲಿಲ್ಲ. ತಲೆಯೆತ್ತಿ ಮಗಳ ಮುಖ ನೋಡಿದ, ನೋಡುತ್ತಲೇ ಇದ್ದ. ಅವನ ಗಲ್ಲದಿಂದ ಒಂದು ಹನಿ ಅಂಗಿಯ ಮೇಲೆ ಬಿತ್ತು.

"ಪುಟ್ಟಿ" ಅಂದ.

ಅವತ್ತಿಗೆ ಅಷ್ಟೇ ಆಯಿತು.